ಕ್ರಾಕೋವಿಗೆ ಒಯ್ದ ಕರಿಪುಡಿ

ಬಜ್ಪೆ, ಹೊರಡುವ ದಿನ

ವಿಮಾನ ನಿಲ್ದಾಣದ ತಪಾಸಣೆಯವನು ನನ್ನ ಕೈಚೀಲದಿಂದ ಎರಡು ಗಾಜಿನ ಸೀಸೆಗಳನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದ. ಒಳಗೆ ಕಾಡಿಗೆಯಂಥ ಕರಿಪುಡಿ. ಇದೇನೆಂದು ಹಿಂದಿಯಲ್ಲಿ ಕೇಳಿದ. ಇಪ್ಪತ್ತೆಂಟು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ನನಗೆ ಆ ಹೊತ್ತಿಗೆ ಹಿಂದಿಯ ಒಂದು ಪದವೂ ನೆನಪಾಗಲಿಲ್ಲ. ಸುಟ್ಟದ್ದು, ನಮ್ಮ ಮನೆಯದ್ದು ಎಂದು ಕೈಸನ್ನೆ ಸೇರಿಸಿ ಹೇಳಿದೆ. ಅವನ ಮುಖ ಒಮ್ಮೆಲೇ ಮೆತ್ತಗಾಯಿತು. ಸೀಸೆಗಳನ್ನು ಎರಡೂ ಕೈಯಲ್ಲಿ ಹಿಡಿದು ತಟ್ಟೆಯಲ್ಲಿಟ್ಟು, ತೀರಿಕೊಂಡವರು ನನಗೆ ಏನಾಗಬೇಕೆಂದು ತಗ್ಗಿದ ದನಿಯಲ್ಲಿ ವಿಚಾರಿಸಿದ.

ಪಕ್ಕದಲ್ಲಿ ನಿಂತಿದ್ದ ಸಿಬ್ಬಂದಿ ಹುಡುಗಿ ನಮ್ಮ ಕಡೆಯವಳು. "ಯಾರ ಬೂದಿಯೂ ಅಲ್ಲ ಮಾರಾಯ್ತಿ, ಅಡಿಕೆ ಸಿಪ್ಪೆ ಸುಟ್ಟದ್ದು. ಅವನಿಗೆ ಸ್ವಲ್ಪ ಹೇಳು" ಎಂದೆ.

"ಅಡಿಕೆ ಸಿಪ್ಪೆಯಾ? ಅದನ್ನು ವಿಮಾನದಲ್ಲಿ ತಕೊಂಡು ಹೋಗುದಾ ಮೇಡಂ? ನಮ್ಮಲ್ಲಿ ಬಚ್ಚಲೊಲೆಗೆ ಹಾಕುದು" ಎಂದಳು. ಕಾಲೇಜಿನ ಪತ್ರ ತೋರಿಸಿದ ಮೇಲೆ ಅವಳೇ ಅವನಿಗೆ ತಿಳಿಸಿ ಹೇಳಿ ನನ್ನನ್ನು ಒಳಗೆ ಬಿಡಿಸಿದಳು.

ಆ ಸೀಸೆಗಳ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನನ್ನ ಮೊದಲ ವಿದೇಶ ಪ್ರಯಾಣ ನಡೆದದ್ದೇ ಅವುಗಳ ಸಲುವಾಗಿ. ನಾನು ಸುಳ್ಯದ ಅರೆಭಾಷೆ ಗೌಡರ ಮನೆಯ ಮಗಳು. ಮದುವೆಯಾಗಿ ಬಂದದ್ದು ಕೆದಂಬಾಡಿಗೆ, ಕೆಲಸ ಪುತ್ತೂರಿನ ಒಂದು ಕಾಲೇಜಿನಲ್ಲಿ. ಅಡಿಕೆ ಸಿಪ್ಪೆಯನ್ನು ಗಾಳಿ ತಾಗದಂತೆ ಕುಲುಮೆಯಲ್ಲಿ ಸುಟ್ಟರೆ ವಿದ್ಯುತ್ತು ಹರಿಯುವಂಥ ಒಳ್ಳೆಯ ಕಾರ್ಬನ್ ಸಿಗುತ್ತದೆ. ಅದಕ್ಕೆ ಕೋಬಾಲ್ಟ್ ಲೋಹದ ಒಂದು ಸಂಕೀರ್ಣವನ್ನು ಅಂಟಿಸುತ್ತೇವೆ. ಸಂಕೀರ್ಣವೆಂದರೆ ಹೆದರಬೇಕಾಗಿಲ್ಲ, ಲೋಹದ ಒಂದು ಪರಮಾಣುವನ್ನು ನಡುವೆ ಕೂರಿಸಿ ಸುತ್ತಲೂ ಬೇರೆ ಪರಮಾಣುಗಳ ಬೇಲಿ ಹಾಕಿದ ಅಣು, ಅಷ್ಟೆ. ಈ ಪುಡಿ ಹಚ್ಚಿದ ವಿದ್ಯುದ್ವಾರವನ್ನು, ಅಂದರೆ ಎಲೆಕ್ಟ್ರೋಡನ್ನು, ನೀರಿಗೆ ಇಳಿಸಿದರೆ, ಗೊಬ್ಬರದಿಂದ ನೀರಿಗೆ ಸೇರಿದ ನೈಟ್ರೇಟ್ ವಿದ್ಯುತ್ತನ್ನು ಪಡೆದು ಅಮೋನಿಯ ಆಗಬೇಕು. ಆಗ ಹರಿಯುವ ವಿದ್ಯುತ್ತನ್ನು ಅಳೆದರೆ ಬಾವಿಯ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಎಂದು ತಿಳಿಯುತ್ತದೆ. ಆದರೆ ಈ ಕ್ರಿಯೆ ಬಲು ಸೋಮಾರಿ. ಮದುವೆ ಮಾತುಕತೆಗೆ ಬಂದ ಎರಡು ಮನೆಯವರು ಜಗಲಿಯಲ್ಲಿ ಸುಮ್ಮನೆ ಕೂತಂತೆ ಕೂತಿರುತ್ತದೆ. ಮಾತು ಕುದುರಿಸಲು ನಡುವೆ ಒಬ್ಬ ದಲ್ಲಾಳಿ ಬೇಕು. ಆ ದಲ್ಲಾಳಿ ನಮ್ಮ ಕೋಬಾಲ್ಟ್ ಎಂಬುದು ನಮ್ಮ ವಾದ.

ನಮ್ಮ ಎಂದರೆ ನನ್ನದು ಮತ್ತು ಹರಿಣಾಕ್ಷಿಯದು. ಹರಿಣಾಕ್ಷಿ ಕಡಬದವಳು, ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿರುವವಳು. ವಾರದಲ್ಲಿ ಮೂರು ದಿನ ಸುಳ್ಯದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಉಳಿದ ದಿನ ಪುತ್ತೂರಿನಲ್ಲಿ ನನ್ನ ಪ್ರಯೋಗಾಲಯ. ಆರು ವರ್ಷಗಳಿಂದ ಅವಳ ಬದುಕಿನ ಅರ್ಧ ಪಾಲು ಬಸ್ಸಿನಲ್ಲಿಯೇ ಕಳೆದಿದೆ. ಅವಳ ಪ್ರಬಂಧದ ಐದು ಅಧ್ಯಾಯಗಳಲ್ಲಿ ಮೂರು ಈ ಕರಿಪುಡಿಯ ಮೇಲೆ ನಿಂತಿದ್ದವು. ಖಾಯಂ ಹುದ್ದೆಗೆ ಅರ್ಜಿ ಕರೆದಿದ್ದರು, ನವೆಂಬರ್ ಮಧ್ಯದೊಳಗೆ ಪ್ರಬಂಧ ಸಲ್ಲಿಸಿದ ಪತ್ರ ಅದರ ಜೊತೆಗಿರಬೇಕು. ಈ ಸಲ ತಪ್ಪಿದರೆ ಮುಂದಿನ ಕರೆ ಬರುವಷ್ಟರಲ್ಲಿ ಅವಳ ವಯಸ್ಸಿನ ಮಿತಿ ದಾಟಿರುತ್ತದೆ. ಅದಕ್ಕೆ ಮೊದಲು, ನಮ್ಮ ಫಲಿತಾಂಶವನ್ನು ಹೊರದೇಶದ ಒಂದು ಒಳ್ಳೆಯ ಪ್ರಯೋಗಾಲಯದಲ್ಲಿ ಅಳೆಸಿ ತಂದರೆ ಸಣ್ಣ ಊರಿನ ಕೆಲಸವೆಂದು ಮೂಗು ಮುರಿಯುವವರ ಬಾಯಿ ಮುಚ್ಚಬಹುದೆಂಬುದು ನನ್ನ ಆಲೋಚನೆ. ಅಲ್ಲಿ ನನ್ನ ಜಂಬವೂ ಇತ್ತು, ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಹಿಂದಿನ ದಿನ ಸೀಸೆ ಕೊಡುವಾಗ ಹರಿಣಾಕ್ಷಿ ಹೇಳಿದ್ದಳು: "ಎರಡೂ ಒಂದೇ ಸಲ ಸುಟ್ಟ ಕಾರ್ಬನ್ ಮೇಡಂ. ಇದರಲ್ಲಿ ಕೋಬಾಲ್ಟ್ ಉಂಟು, ಇದು ಖಾಲಿ. ಈ ಖಾಲಿಯನ್ನು ನಾನು ಅಳೆಯಲಿಲ್ಲ, ಟೈಮ್ ಸಿಗಲಿಲ್ಲ. ಅವರು ಕೇಳಿದರೆ ಕೊಡಿ."

ಕ್ರಾಕೋವ್, ಸೋಮವಾರ

ಪೋಲೆಂಡಿನ ಈ ಹಳೆಯ ಊರಿನಲ್ಲಿ ನನಗೆ ಮೊದಲ ಬೈಗುಳ ಬಿದ್ದದ್ದು ಕೋಟಿನ ಕಾರಣಕ್ಕೆ. ದೊಡ್ಡ ಕಟ್ಟಡಗಳಲ್ಲೆಲ್ಲ ಬಾಗಿಲ ಹತ್ತಿರ ಕೋಟು ಬಿಚ್ಚಿಟ್ಟು ಹೋಗುವ ಒಂದು ಕೋಣೆಯಿರುತ್ತದೆ. ಕೋಟು ತೊಟ್ಟೇ ಮೇಲೆ ಹೋಗುವುದು ಅಲ್ಲಿ ಅಸಭ್ಯತನ. ಚಪ್ಪಲಿ ಬಿಚ್ಚದೆ ಜಗಲಿ ಹತ್ತಿದವರನ್ನು ನಮ್ಮ ಅಜ್ಜಿಯಂದಿರು ಹೇಗೆ ನೋಡುತ್ತಾರೋ ಹಾಗೆ ಆ ಕೋಣೆಯ ಮುದುಕಿ ನನ್ನನ್ನು ನೋಡಿದಳು. ಗಡಿಬಿಡಿಯಲ್ಲಿ ಬಿಚ್ಚಿ ಕೊಟ್ಟೆ. ಅವಳು ಕೋಟಿನ ಕೊರಳಿನ ಒಳಗೆ ಬೆರಳಾಡಿಸಿ ಹುಡುಕಿ, ಏನೂ ಸಿಗದೆ, ಉದ್ದಕ್ಕೂ ಏನೋ ಅನ್ನಲು ಶುರು ಮಾಡಿದಳು. ಕೋಟನ್ನು ಗೂಟಕ್ಕೆ ನೇತುಹಾಕುವ ಕುಣಿಕೆ ಇರಲಿಲ್ಲ. ದೆಹಲಿಗೆ ಹೋಗಿ ಬಂದ ಸಹೋದ್ಯೋಗಿಯಿಂದ ಎರವಲು ತಂದ ಕೋಟು ಅದು. ಕುಣಿಕೆ ಎಂಬುದೊಂದು ಇರಬೇಕೆಂದೇ ನನಗೆ ಗೊತ್ತಿರಲಿಲ್ಲ.

ನನ್ನನ್ನು ಕರೆದೊಯ್ಯಲು ಕೆಳಗೆ ಬಂದಿದ್ದ ಪ್ರೊಫೆಸರ್ ಬಾರ್ಬರಾ ಪಕ್ಕದಲ್ಲೇ ನಿಂತಿದ್ದರು. ಅರವತ್ತು ದಾಟಿದ, ನಗು ಕಡಿಮೆಯಿರುವ ಹೆಂಗಸು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ. ಆಕೆ ಮುದುಕಿ ಹೇಳಿದ್ದನ್ನು ನನಗೆ ತಿಳಿಸಿದರು: "ಕುಣಿಕೆ ಇಲ್ಲದ ಕೋಟು ತೊಡುವವರಿಗೆ ಮನೆಯಲ್ಲಿ ಹೇಳುವವರಿಲ್ಲವೇ ಎಂದು ಕೇಳುತ್ತಿದ್ದಾಳೆ." ಸಂಜೆ ಹೊರಡುವಾಗ ನೋಡಿದರೆ ಕೊರಳಿಗೆ ಕೆಂಪು ನೂಲಿನಲ್ಲಿ ಗಟ್ಟಿಯಾದ ಕುಣಿಕೆ ಹೊಲಿದಿತ್ತು. ನಾನು ಕೈಮುಗಿದೆ. ಅವಳು ಆಗಲೂ ಗೊಣಗುತ್ತಲೇ ಇದ್ದಳು.

ಅಲ್ಲಿ ಲಿಫ್ಟಿಗೆ ಹತ್ತುವವರೆಲ್ಲ ಒಳಗಿರುವ ಅಪರಿಚಿತರಿಗೆ ನಮಸ್ಕಾರ ಹೇಳುತ್ತಾರೆ, ಇಳಿಯುವಾಗ ಹೋಗಿಬರುತ್ತೇನೆ ಎನ್ನುತ್ತಾರೆ. ನಡುವೆ ಒಂದು ಮಾತೂ ಇಲ್ಲ. ನಮ್ಮ ಪುತ್ತೂರಿನ ಬಸ್ಸಿನಲ್ಲಿ ನಮಸ್ಕಾರ ಯಾರೂ ಹೇಳುವುದಿಲ್ಲ, ಆದರೆ ಎಲ್ಲಿಗೆ, ಎಂತ ವಿಶೇಷ, ಮಗಳಿಗೆ ಸಂಬಂಧ ಕೂಡಿತಾ ಎಂದು ಇಳಿಯುವಷ್ಟರಲ್ಲಿ ಮನೆಯ ಹಿತ್ತಿಲವರೆಗೂ ವಿಚಾರಣೆ ಮುಗಿದಿರುತ್ತದೆ. ಮೊದಲ ಎರಡು ದಿನ ಅವರ ಮೌನ ನನಗೆ ಹಿತವೆನಿಸಿತು. ಆಮೇಲೆ ಯಾರಾದರೂ ಏನಾದರೂ ಕೇಳಲಿ ಅನ್ನಿಸತೊಡಗಿತು.

ಮಂಗಳವಾರದಿಂದ ಗುರುವಾರ

ನಾನು ಬಂದ ಕೂಡಲೇ ಕೋಬಾಲ್ಟಿನ ಸೀಸೆ ತೆರೆಯಲು ಹೊರಟೆ. ಬಾರ್ಬರಾ ಅದನ್ನು ತೆಗೆದು ಕಪಾಟಿನಲ್ಲಿಟ್ಟರು. ಅವರ ಪ್ರಯೋಗಾಲಯದಲ್ಲಿ ಯಾರೇ ಬರಲಿ, ಮೊದಲ ಎರಡು ದಿನ ಏನೂ ಇಲ್ಲದ್ದನ್ನು ಅಳೆಯಬೇಕು. ಬರೀ ನೀರು, ಬರೀ ಉಪ್ಪಿನ ದ್ರಾವಣ, ಪುಡಿ ಹಚ್ಚದ ಬರೀ ವಿದ್ಯುದ್ವಾರ. ಅದರ ತುದಿಯ, ಕಡಲೆಕಾಳಿನಷ್ಟು ಅಗಲದ ಕರಿಯ ಬಿಲ್ಲೆಯನ್ನು ಒದ್ದೆ ಬಟ್ಟೆಯ ಮೇಲೆ ಬಿಳಿಪುಡಿ ಹಾಕಿ, ಎಂಟು ಎಂಬ ಅಂಕಿ ಬರೆಯುವಂತೆ ತಿರುಗಿಸಿ ತಿರುಗಿಸಿ ಉಜ್ಜಬೇಕು. ಉಜ್ಜಿ ತೊಳೆದು ಅಳೆದರೆ ಪರದೆಯ ಮೇಲೆ ವಿದ್ಯುತ್ತಿನ ಸಪಾಟು ಗೆರೆ ಬರಬೇಕು. ಎಲ್ಲಿಯಾದರೂ ಒಂದು ಉಬ್ಬು ಕಂಡರೆ ಮತ್ತೆ ಉಜ್ಜಬೇಕು.

"ಇದನ್ನೆಲ್ಲ ನಾನು ಇಪ್ಪತ್ತೆಂಟು ವರ್ಷ ಮಾಡಿದ್ದೇನೆ" ಎಂದೆ, ಸ್ವಲ್ಪ ಬಿಸಿಯಾಗಿಯೇ.

"ನಾನು ಮೂವತ್ತೇಳು ವರ್ಷ ಮಾಡಿದ್ದೇನೆ. ಈ ಸೋಮವಾರವೂ ಮಾಡಿದೆ" ಎಂದರು.

ಮಧ್ಯಾಹ್ನ ಊಟಕ್ಕೆ ಸಾರು, ಬ್ರೆಡ್ಡು, ಉಪ್ಪುನೀರಿನಲ್ಲಿ ಹಾಕಿಟ್ಟ ಎಳೆ ಸೌತೆ. ಆ ಸೌತೆಯ ಹುಳಿ ವಾಸನೆಗೆ ನನಗೆ ಮನೆಯ ಉಪ್ಪುಸೊಳೆಯ ಭರಣಿ ಕಣ್ಣಮುಂದೆ ಬಂತು. ಹಲಸಿನ ತೊಳೆಯನ್ನು ಹೀಗೆಯೇ ಉಪ್ಪಿನಲ್ಲಿ ಹಾಕಿ ಮಳೆಗಾಲಕ್ಕೆ ಇಡುತ್ತೇವೆ ಎಂದು ಬಾರ್ಬರಾ ಅವರಿಗೆ ವಿವರಿಸಿದೆ. ಭಾರ ಹೇರಲು ಮೇಲೆ ಕಲ್ಲು ಇಡುತ್ತೀರಾ ಎಂದು ಕೇಳಿದರು. ಇಡುತ್ತೇವೆ ಎಂದೆ. ಅವರಿಗೆ ಅಷ್ಟು ಸಂತೋಷವಾದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಗುರುವಾರ ಕಪಾಟು ತೆರೆಯಿತು. ಕೋಬಾಲ್ಟ್ ಇರುವ ಪುಡಿಯನ್ನು ಕಲಸಿ, ಒಂದು ಹನಿ ಬಿಲ್ಲೆಯ ಮೇಲೆ ಒಣಗಿಸಿ, ದ್ರಾವಣಕ್ಕೆ ಇಳಿಸಿದೆವು. ಮೊದಲು ನೈಟ್ರೇಟ್ ಇಲ್ಲದೆ, ಆಮೇಲೆ ನೈಟ್ರೇಟ್ ಹಾಕಿ. ಗೆರೆ ಜಿಗಿಯಿತು. ಪುತ್ತೂರಿನಲ್ಲಿ ನೂರಾರು ಸಲ ನೋಡಿದ ಅದೇ ಜಿಗಿತ, ಅದೇ ಜಾಗದಲ್ಲಿ. ನನಗೆ ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಹರಿಣಾಕ್ಷಿಗೆ "ಬಂತು" ಎಂದು ಒಂದೇ ಪದದ ಸಂದೇಶ ಕಳುಹಿಸಿದೆ. ಎರಡೇ ನಿಮಿಷದಲ್ಲಿ ಉತ್ತರ: "ಅಮ್ಮನಿಗೆ ಹೇಳಿದೆ ಮೇಡಂ. ಈಗಲೇ ಪಾಯಸಕ್ಕೆ ಇಡ್ತಾರಂತೆ."

ಬಾರ್ಬರಾ ಪರದೆಯಿಂದ ಕಣ್ಣು ತೆಗೆಯದೆ, "ನಾಳೆ ಖಾಲಿ ಕಾರ್ಬನ್" ಎಂದರು.

ಶುಕ್ರವಾರ

ಖಾಲಿ ಕಾರ್ಬನ್ನಿಗೂ ಗೆರೆ ಜಿಗಿಯಿತು.

ನಾನು ಮೊದಲು ಪಾತ್ರೆ ಸರಿಯಾಗಿ ತೊಳೆದಿಲ್ಲ ಎಂದೆ. ತೊಳೆದೆವು. ಸೀಸೆ ಅದಲು ಬದಲಾಗಿದೆ ಎಂದೆ. ಹರಿಣಾಕ್ಷಿಯ ದುಂಡು ಅಕ್ಷರದಲ್ಲಿ "ಖಾಲಿ" ಎಂದು ಚೀಟಿಯಿತ್ತು. ಹೊಸ ಬಿಲ್ಲೆ, ಹೊಸ ದ್ರಾವಣ, ಮತ್ತೆ ಅಳತೆ. ಬಾರ್ಬರಾ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು. ಕೋಬಾಲ್ಟ್ ಇರುವುದು, ಇಲ್ಲದ್ದು, ಎರಡೂ ಒಂದೇ ಗೆರೆಯಂತೆ ಕೂತವು. ನಮ್ಮ ದಲ್ಲಾಳಿ ಆರು ವರ್ಷ ಕೈಕಟ್ಟಿ ಕೂತಿದ್ದ, ಕೆಲಸ ಬೇರೆ ಯಾರೋ ಮಾಡಿ ಮುಗಿಸಿದ್ದರು.

"ಇಲ್ಲೊಂದು ಸಣ್ಣ ಉಬ್ಬು ಇದೆ. ಇದು ನಿಮ್ಮ ಕೋಬಾಲ್ಟಿನದಲ್ಲ. ಕಾರ್ಬನ್ನಿನ ಒಳಗೇ ಬೇರೆ ಏನೋ ಇದೆ" ಎಂದರು ಬಾರ್ಬರಾ. ಆ ಉಬ್ಬನ್ನು ನಾನು ಪುತ್ತೂರಿನಲ್ಲೂ ನೋಡಿದ್ದೆ, ಕೋಬಾಲ್ಟಿನದೆಂದು ಪ್ರಬಂಧದಲ್ಲಿ ಬರೆಸಿಯೂ ಇದ್ದೆ. ಚಿಟಿಕೆ ಪುಡಿಯನ್ನು ಅವರು ಯಾವ ಲೋಹವಿದೆಯೆಂದು ಹೇಳುವ ಕೆಳಮಹಡಿಯ ಯಂತ್ರಕ್ಕೆ ಕಳುಹಿಸಿದರು. ಮರುದಿನ ರಜೆ, ಆಮೇಲೆ ಭಾನುವಾರ. ಉತ್ತರ ಸೋಮವಾರವೇ.

ಅಲ್ಲಿ ಆ ತಿಂಗಳಲ್ಲಿ ಸಂಜೆ ನಾಲ್ಕೂವರೆಗೇ ಬೆಳಕು ಹೋಗುತ್ತದೆ. ಕೋಣೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಹರಿಣಾಕ್ಷಿಯ ಪ್ರಬಂಧ ತೆರೆದೆ. ಮೂರನೆಯ ಅಧ್ಯಾಯದಲ್ಲಿ ಖಾಲಿ ಕಾರ್ಬನ್ನಿನ ಗೆರೆಯಿತ್ತು. ಅದು ಸಪಾಟಾಗಿತ್ತು. ಸುಳ್ಳಲ್ಲ, ನಿಜವಾಗಿ ಅಳೆದದ್ದೇ. ಮತ್ತೆ ಇಲ್ಲಿ ಯಾಕೆ ಹೀಗೆ ಎಂದು ಹುಡುಕುತ್ತಾ ಹೋದಾಗ ನೆನಪಾಯಿತು. ಅದು ಕಡಬದ ಸಿಪ್ಪೆ.

ಶುರುವಿನಲ್ಲಿ ಹರಿಣಾಕ್ಷಿ ತನ್ನ ಮನೆಯಿಂದ ಒಂದು ಗೋಣಿ ಸಿಪ್ಪೆ ತಂದಿದ್ದಳು. ಖಾಲಿ ಕಾರ್ಬನ್ನಿನ ಅಳತೆಯೆಲ್ಲ ಅದರದ್ದೇ. ಗೋಣಿ ಮುಗಿದ ಮೇಲೆ ನಮ್ಮ ಕೆದಂಬಾಡಿಯ ಮನೆಯಿಂದ ತರಿಸಿದೆ. ಕೋಬಾಲ್ಟ್ ಅಂಟಿಸಿದ್ದೆಲ್ಲ ಈ ಎರಡನೆಯ ಸಿಪ್ಪೆಗೆ. ಆ ದಿನ ಅವಳು ಕೇಳಿದ್ದಳು: "ಸಿಪ್ಪೆ ಬದಲಾಯ್ತಲ್ಲ ಮೇಡಂ, ಖಾಲಿಯದ್ದು ಇನ್ನೊಮ್ಮೆ ನೋಡುದಾ?"

ನಾನು ಪತ್ರಿಕೆಗೆ ಲೇಖನ ಕಳುಹಿಸುವ ಅವಸರದಲ್ಲಿದ್ದೆ. "ಅಡಿಕೆ ಸಿಪ್ಪೆಯಲ್ಲಿ ಎಂತ ವ್ಯತ್ಯಾಸ? ನಿನ್ನ ಮನೆಯದ್ದೂ ಸಿಪ್ಪೆ, ನನ್ನ ಮನೆಯದ್ದೂ ಸಿಪ್ಪೆ. ಅದೆಲ್ಲ ಬೇಡ, ಮುಂದಿನದ್ದು ಮಾಡು" ಎಂದಿದ್ದೆ. ಅವಳು ಮುಂದಿನದ್ದು ಮಾಡಿದಳು.

ನಿಜ ಹೇಳಬೇಕು. ಆ ಸಂಜೆ ನನಗೆ ಮೊದಲು ಬಂದ ಯೋಚನೆ ಪಶ್ಚಾತ್ತಾಪದ್ದಲ್ಲ. ಪ್ರಬಂಧದಲ್ಲಿರುವ ಎರಡೂ ಗೆರೆಗಳು ನಿಜ, ಗೋಣಿಗಳು ಬೇರೆ ಎಂದು ಯಾರಿಗೂ ಹೇಳುವ ಅಗತ್ಯವಿಲ್ಲ, ಹದಿನೈದು ದಿನದಲ್ಲಿ ಅವಳ ಅರ್ಜಿ ಹೋಗುತ್ತದೆ ಎಂಬ ಯೋಚನೆ ಅದು. ಅವಳ ಒಳ್ಳೆಯದಕ್ಕೇ ಎಂದು ಹೆಸರಿಟ್ಟುಕೊಂಡೆ. ಆ ಹೆಸರಿನ ಕೆಳಗೆ ನನ್ನ ಮರ್ಯಾದೆಯೂ ಬೆಚ್ಚಗೆ ಮಲಗಿತ್ತು.

ನವೆಂಬರ್ ಒಂದು

ನಮ್ಮಲ್ಲಿ ರಾಜ್ಯೋತ್ಸವದ ದಿನ. ಅಲ್ಲಿ ಸತ್ತವರ ದಿನ. ಅಂಗಡಿ, ಕಚೇರಿ, ಕಾಲೇಜು ಎಲ್ಲ ಮುಚ್ಚಿ ಊರಿಗೆ ಊರೇ ಸ್ಮಶಾನಕ್ಕೆ ಹೋಗುತ್ತದೆ. ಟ್ರಾಮಿನ ತುಂಬ ಸೇವಂತಿಗೆಯ ಕುಂಡ ಹಿಡಿದವರು. ಒಬ್ಬಳೇ ಕೂತು ಏನು ಮಾಡುತ್ತೀರಿ ಬನ್ನಿ ಎಂದು ಬಾರ್ಬರಾ ನನ್ನನ್ನು ಕರೆದರು. ಅವರ ಒಂದು ಕೈಯಲ್ಲಿ ದೀಪಗಳ ಚೀಲ, ಇನ್ನೊಂದು ಕೈಯಲ್ಲಿ ಬಕೆಟ್ಟು ಮತ್ತು ಉಜ್ಜುವ ಬ್ರಷ್ಷು.

ಮಧ್ಯಾಹ್ನ ಮೂರರ ಹೊತ್ತಿಗೇ ಗಾಜಿನ ಗೂಡಿನೊಳಗೆ ಸಾವಿರಾರು ದೀಪಗಳು ಉರಿಯುತ್ತಿದ್ದವು. ಅಷ್ಟು ಜನ ಸೇರಿದರೂ ಗದ್ದಲವಿಲ್ಲ. ಯಾರೂ ಬಾರದ ಹಳೆಯ ಗೋರಿಗಳಿಗೆ ಕೂಡ ಯಾರಾದರೊಬ್ಬರು ಒಂದು ದೀಪ ಇಟ್ಟು ಹೋಗುತ್ತಾರೆ. ನಮ್ಮ ಗೌಡರ ಮನೆಗಳಲ್ಲಿಯೂ ತೀರಿಹೋದ ಹಿರಿಯರಿಗೆ, ಗುರುಕಾರ್ನೋರಿಗೆ ಎಂದು, ಬಾಳೆಲೆ ಹಾಕಿ ಎಡೆ ಬಡಿಸುತ್ತೇವೆ, ಬಡಿಸಿ ಬಾಗಿಲು ಎಳೆದು ಹೊರಗೆ ನಿಲ್ಲುತ್ತೇವೆ. ನಮ್ಮ ಸತ್ತವರು ಉಣ್ಣಲು ಮನೆಗೆ ಬರುತ್ತಾರೆ. ಅವರ ಸತ್ತವರನ್ನು ಇವರೇ ಹೋಗಿ ನೋಡಿ ಬರಬೇಕು. ಇದನ್ನು ಹೇಳಿದಾಗ ಬಾರ್ಬರಾ, "ಬಾಗಿಲು ಯಾಕೆ ಎಳೆಯುತ್ತೀರಿ?" ಎಂದರು. "ಉಣ್ಣುವಾಗ ನೋಡಬಾರದು" ಎಂದೆ. ತಲೆಯಾಡಿಸಿದರು.

ತಂದೆ ತಾಯಿಯ ಗೋರಿ ಮುಗಿಸಿ ಒಂದು ಸಾದಾ ಕಲ್ಲಿನ ಮುಂದೆ ನಿಂತರು. ಮೊಣಕಾಲೂರಿ ಕಲ್ಲಿನ ಪಾಚಿ ಉಜ್ಜತೊಡಗಿದರು. ನಾನು ನೀರು ಹೊಯ್ದೆ. ಯಾರು ಎಂದು ಕೇಳಿದೆ.

"ನನ್ನ ಗುರುಗಳು. ಕೈಹಿಡಿದು ಕೆಲಸ ಕಲಿಸಿದವರು. ನನ್ನ ಸಂಶೋಧನೆಯ ಎರಡು ವರ್ಷ ಇವರ ಒಂದು ಅವಸರಕ್ಕೆ ಹೋಯಿತು. ಇವರಿಗೆ ಅದು ಗೊತ್ತಿತ್ತು, ನನಗೆ ಗೊತ್ತಿದೆ ಎಂಬುದೂ ಗೊತ್ತಿತ್ತು. ಆಮೇಲೆ ಇಪ್ಪತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ತಪ್ಪು ತಮ್ಮದೆಂದು ಇವರು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ." ಬ್ರಷ್ಷನ್ನು ಬಕೆಟ್ಟಿನಲ್ಲಿ ಅದ್ದಿದರು. "ಪ್ರತಿ ವರ್ಷ ಬರುತ್ತೇನೆ. ಒಳ್ಳೆಯದನ್ನೇ ನೆನೆಯಬೇಕೆಂದು ಬರುತ್ತೇನೆ. ಮೊದಲು ನೆನಪಾಗುವುದು ಅದೇ."

ಹರಿಣಾಕ್ಷಿಯ ಪ್ರಶ್ನೆಯ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಅವರು ನನ್ನನ್ನು ಉದ್ದೇಶಿಸಿ ಹೇಳಿದ್ದಲ್ಲ. ಆದರೂ ಅಲ್ಲಿ ನಿಲ್ಲಲಾಗಲಿಲ್ಲ. ನೀರು ತರುವ ನೆಪದಲ್ಲಿ ಬಕೆಟ್ಟು ಎತ್ತಿಕೊಂಡು ನಲ್ಲಿಯ ಕಡೆಗೆ ಹೋದೆ. ಅಲ್ಲಿ ಉದ್ದ ಸಾಲು ಇತ್ತು. ಆ ಸಾಲಿನಲ್ಲಿ ನಿಂತು ಅತ್ತೆ. ಸ್ಮಶಾನವಾದ್ದರಿಂದ ಯಾರೂ ವಿಚಿತ್ರವಾಗಿ ನೋಡಲಿಲ್ಲ.

ಸೋಮವಾರ

"ತಾಮ್ರ" ಎಂದರು ಬಾರ್ಬರಾ, ಕಾಗದ ಮುಂದಿಡುತ್ತಾ. "ನಿಮ್ಮ ಕಾರ್ಬನ್ನಿನ ತುಂಬ ತಾಮ್ರ. ನೈಟ್ರೇಟಿಗೆ ತಾಮ್ರಕ್ಕಿಂತ ಒಳ್ಳೆಯ ವೇಗವರ್ಧಕ ಹುಡುಕುವುದು ಕಷ್ಟ. ಆದರೆ ಇಷ್ಟು ಎಲ್ಲಿಂದ ಬಂತು? ಪಾತ್ರೆಯೇ? ನೀರಿನ ಕೊಳವೆಯೇ?"

ಅವರಿಗೆ ತಿಳಿಯುವಂತಿರಲಿಲ್ಲ. ನಮ್ಮ ಊರಿನ ಮಕ್ಕಳಿಗೂ ತಿಳಿಯುತ್ತಿತ್ತು. ಕೂಡಲೇ ಮನೆಗೆ ಫೋನು ಮಾಡಿದೆ. ಅಲ್ಲಿ ಆಗ ಮಧ್ಯಾಹ್ನ. ನನ್ನ ಗಂಡ ಊಟಕ್ಕೆ ಕೂತಿದ್ದರು. ನಾವಿಬ್ಬರು ಮಾತಾಡುವುದು ಅರೆಭಾಷೆಯಲ್ಲಿ, ಇಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತೇನೆ.

"ನೀವು ಕಾಲೇಜಿಗೆ ಕಳಿಸಿದ ಸಿಪ್ಪೆಯ ಅಡಿಕೆಗೆ ಮದ್ದು ಬಿಟ್ಟದ್ದಾ?"

"ಎಂತ ಪ್ರಶ್ನೆ ಇದು! ಬಿಡದಿದ್ದರೆ ಕೊಳೆರೋಗಕ್ಕೆ ಎಲ್ಲ ಉದುರುದಿಲ್ವಾ? ಆ ವರ್ಷ ಮಳೆ ಜಾಸ್ತಿ, ಮೂರು ಸಲ ಬಿಟ್ಟದ್ದು. ಕಾಯಿಯೆಲ್ಲ ನೀಲಿ ನೀಲಿ ಆಗಿತ್ತು, ನೀನೇ ನೋಡಿದ್ದಿ."

ನಾನೇ ನೋಡಿದ್ದೆ. ಮೈಲುತುತ್ತು ಮತ್ತು ಸುಣ್ಣ ಕಲಸಿ ಅಡಿಕೆ ಗೊನೆಗೆ ಹೊಡೆಯುವ ಮದ್ದು ಅದು. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್ ಎಂದು ವರ್ಷವೂ ಮೊದಲ ಬಿಎಸ್ಸಿ ಮಕ್ಕಳಿಗೆ ಬೋರ್ಡಿನ ಮೇಲೆ ಬರೆಯುವವಳು ನಾನು. ಸಿಪ್ಪೆಯ ಜೊತೆ ಅದೂ ಕುಲುಮೆಗೆ ಹೋಗಿ, ಕಾರ್ಬನ್ನಿನ ಬಿಸಿಗೆ ಸಣ್ಣ ಸಣ್ಣ ತಾಮ್ರದ ಕಣಗಳಾಗಿ ಒಳಗೆ ಕೂತಿತ್ತು. ಸುಟ್ಟ ಮೇಲೆ ಆಸಿಡ್ಡಿನಲ್ಲಿ ತೊಳೆದಿದ್ದೆವು ನಿಜ. ನಾವು ಬಳಸಿದ್ದು ತೆಳುವಾದ ಹೈಡ್ರೋಕ್ಲೋರಿಕ್ ಆಸಿಡ್, ಅದಕ್ಕೆ ತಾಮ್ರದ ಲೋಹ ಕರಗುವುದಿಲ್ಲ. ಅದನ್ನೂ ನಾನೇ ಪಾಠ ಮಾಡುತ್ತೇನೆ. ಕಡಬದಲ್ಲಿ ಹರಿಣಾಕ್ಷಿಯ ಅಪ್ಪ ಜೇನುಪೆಟ್ಟಿಗೆ ಇಟ್ಟವರು, ಜೇನಿಗೆ ಆಗುವುದಿಲ್ಲವೆಂದು ಮದ್ದು ಬಿಡುವವರಲ್ಲ. ಅದಕ್ಕೇ ಅವರ ಗೋಣಿಯ ಗೆರೆ ಸಪಾಟು.

ಬಾರ್ಬರಾ ಅವರಿಗೆ ಎಲ್ಲವನ್ನೂ ಹೇಳಿದೆ. ಮೈಲುತುತ್ತಿನ ಕಥೆಗೆ ಅವರು ಬೆರಗಾಗಿ ಕೂತರು. ಆಮೇಲೆ ಉಳಿದದ್ದನ್ನೂ ಹೇಳಿದೆ: ಹುಡುಗಿ ಕೇಳಿದ್ದಳು, ನಾನು ಬೇಡ ಎಂದೆ.

ಅವರು ಎಲ್ಲ ಗೆರೆಗಳ ಪ್ರತಿಗಳನ್ನು ಒಂದು ಲಕೋಟೆಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. "ಇದು ನಿಮ್ಮ ಕೆಲಸ. ನಾನು ಯಾರಿಗೂ ಬರೆಯುವುದಿಲ್ಲ" ಎಂದರು. ಆ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಮಂಗಳವಾರ

ಬೆಳಗ್ಗೆ ಒಂಬತ್ತಕ್ಕೆ ಹರಿಣಾಕ್ಷಿಗೆ ಫೋನು ಮಾಡಿದೆ. ಅವಳು ಸುಳ್ಯದ ಕಾಲೇಜಿನಲ್ಲಿದ್ದಳು, ಊಟದ ಬಿಡುವು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಹೇಳಿ ಮೇಡಂ! ಬೈಂಡಿಂಗಿಗೆ ಕೊಡುದಾ? ಅಂಗಡಿಯವರು ನಾಡಿದ್ದು ಕೊಡ್ತೇನೆ ಅಂತ ಹೇಳಿದ್ದಾರೆ."

"ಕೊಡ್ಬೇಡ" ಎಂದೆ. ಹೇಳುವುದನ್ನು ನಾಲ್ಕು ಸಲ ಬರೆದು ಅಭ್ಯಾಸ ಮಾಡಿಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ತಾಮ್ರ, ಮದ್ದು, ಗೋಣಿ ಎಂದು ತುಂಡು ತುಂಡಾಗಿ ಹೇಳಿದೆ. ಅವಳು ಬುದ್ಧಿವಂತೆ, ಮೂರನೆಯ ಮಾತಿಗೇ ಎಲ್ಲ ಅರ್ಥವಾಗಿತ್ತು.

"ಅಂದ್ರೆ ಕೋಬಾಲ್ಟಿಂದ ಎಂತದೂ ಆಗಿಲ್ಲ."

"ಇಲ್ಲ."

"ಮೂರು ಅಧ್ಯಾಯವೂ."

"ಮೂರೂ."

ಅಳುತ್ತಾಳೆಂದು ಕಾದೆ. ಅಳಲಿಲ್ಲ. "ಖಾಲಿಯದ್ದು ಇನ್ನೊಮ್ಮೆ ನೋಡುದಾ ಅಂತ ನಾನು ಕೇಳಿದ್ದೆ ಮೇಡಂ" ಎಂದಳು.

"ಕೇಳಿದ್ದಿ. ನಾನೇ ಬೇಡ ಅಂದದ್ದು. ತಪ್ಪು ನನ್ನದು ಹರಿಣಾಕ್ಷಿ."

"ಬೆಲ್ ಆಯ್ತು. ಕ್ಲಾಸ್ ಉಂಟು" ಎಂದು ಫೋನು ಇಟ್ಟಳು. ಬೆಲ್ಲಿನ ಸದ್ದು ನನಗೆ ಕೇಳಿಸಿರಲಿಲ್ಲ.

ಆ ದಿನವೇ ಎರಡು ಪತ್ರ ಬರೆದೆ. ಒಂದು ನಮ್ಮ ಲೇಖನ ಪ್ರಕಟಿಸಿದ ಪತ್ರಿಕೆಗೆ, ಅದನ್ನು ಹಿಂದೆ ಪಡೆಯಬೇಕೆಂದು. ಇನ್ನೊಂದು ವಿಶ್ವವಿದ್ಯಾಲಯಕ್ಕೆ, ಪ್ರಬಂಧ ಈಗ ಸಲ್ಲಿಸುವುದಿಲ್ಲವೆಂದು. ಎರಡರಲ್ಲೂ ಸಂಶೋಧನಾ ವಿದ್ಯಾರ್ಥಿನಿ ಖಾಲಿ ಕಾರ್ಬನ್ನನ್ನು ಮತ್ತೆ ಪರೀಕ್ಷಿಸಬೇಕೆಂದು ಕೇಳಿದ್ದಳು, ಮಾರ್ಗದರ್ಶಕಿಯಾದ ನಾನು ತಡೆದೆ ಎಂದು ಬರೆದೆ. ಆ ವಾಕ್ಯವನ್ನು ಅಳಿಸಿ ಮತ್ತೆ ಬರೆದದ್ದು ಎಷ್ಟು ಸಲ ಎಂದು ಹೇಳಲು ನಾಚಿಕೆಯಾಗುತ್ತದೆ. ಕಳುಹಿಸಿದ ಮೇಲೆ ಒಂದೊಂದು ಪ್ರತಿ ಹರಿಣಾಕ್ಷಿಗೂ ಕಳುಹಿಸಿದೆ. ಅವಳು ಓದಿದ್ದಾಳೆಂದು ಫೋನು ತೋರಿಸಿತು. ಉತ್ತರ ಬರಲಿಲ್ಲ. ಉಳಿದ ನಾಲ್ಕು ದಿನ ಕ್ರಾಕೋವಿನ ಕೋಟೆಯನ್ನೂ ನದಿಯನ್ನೂ ಎಲ್ಲರೂ ನೋಡುವಂತೆ ನಾನೂ ನೋಡಿದೆ. ಏನು ನೋಡಿದೆನೆಂದು ಕೇಳಿದರೆ ಹೇಳಲಾರೆ.

ಪುತ್ತೂರು

ಮರಳಿ ಬಂದ ಮರುದಿನ ಎಂಟೂವರೆಗೇ ಕಾಲೇಜಿಗೆ ಹೋದೆ. ಪ್ರಯೋಗಾಲಯದ ಬೀಗ ತೆಗೆದಿತ್ತು. ಹರಿಣಾಕ್ಷಿ ಕಿಟಕಿಯ ಹತ್ತಿರದ ಮೇಜಿನಲ್ಲಿ ಕೂತು ಬಿಲ್ಲೆ ಉಜ್ಜುತ್ತಿದ್ದಳು. ಮುಂದೆ ಹನ್ನೊಂದು ಸೀಸೆ ಸಾಲಾಗಿದ್ದವು. ಆರು ವರ್ಷಗಳಲ್ಲಿ ನಾವು ಸುಟ್ಟ ಪ್ರತಿಯೊಂದು ಕಂತಿನ ಕಾರ್ಬನ್ ಅದು. ಒಂದೊಂದಕ್ಕೂ ಚೀಟಿ ಅಂಟಿಸಿ, ಯಾರ ಮನೆಯದ್ದು, ಯಾವ ವರ್ಷದ್ದು, ಎಷ್ಟು ಸಲ ಮದ್ದು ಬಿಟ್ಟದ್ದು ಎಂದು ಬರೆದಿದ್ದಳು. ನನ್ನ ಗಂಡನಿಗೇ ಫೋನು ಮಾಡಿ ಕೇಳಿ ಬರೆದುಕೊಂಡಳಂತೆ. ಅವರು ನನಗೆ ಹೇಳಿರಲಿಲ್ಲ.

ಅವಳು ಎದ್ದು ನಿಲ್ಲಲಿಲ್ಲ. ಯಾವಾಗಲೂ ನಿಲ್ಲುತ್ತಿದ್ದಳು.

"ಅರ್ಜಿ?" ಎಂದೆ.

"ಶುಕ್ರವಾರ ಕೊನೇ ದಿನ. ಹಾಕುದಿಲ್ಲ" ಎಂದಳು. ಉಜ್ಜುವ ಕೈ ನಿಲ್ಲಲಿಲ್ಲ. "ಪತ್ರ ಓದಿದೆ ಮೇಡಂ. ಅಪ್ಪನಿಗೂ ಓದಿ ಹೇಳಿದೆ. ನೀವು ಹಾಗೆ ಬರೀತೀರಿ ಅಂತ ನಾನು ಎಣಿಸಿರಲಿಲ್ಲ."

ನಾನು ಕ್ಷಮಿಸು ಎಂದೆ. ಜೀವಮಾನದಲ್ಲಿ ವಿದ್ಯಾರ್ಥಿಯೊಬ್ಬರಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಅವಳು ಬಿಲ್ಲೆ ತೊಳೆದು ಬೆಳಕಿಗೆ ಹಿಡಿದು ನೋಡಿದಳು.

"ಒಂದು ಮಾತು ಮೇಡಂ. ಇನ್ನು ನಾನು ನಿಮ್ಮತ್ರ ಕೇಳುದಿಲ್ಲ. ಮಾಡುದು. ಮಾಡಿ ಆದ ಮೇಲೆ ಹೇಳುದು."

"ಹಾಗೇ ಮಾಡು" ಎಂದೆ.

ಅವಳು ಮೊದಲ ಸೀಸೆಯ ಮುಚ್ಚಳ ತೆಗೆದಳು. ನಾನು ಗೋಡೆಯ ಬದಿಯ ಸ್ಟೂಲು ಎಳೆದು, ಅವಳ ಕೈಗೆ ತಾಗದಷ್ಟು ದೂರ ಕೂತು, ಅವಳು ಅಳೆಯುವುದನ್ನು ನೋಡಿದೆ.